ಇಷ್ಟಪಟ್ಟು ಬಂದವರೆಂಬ ಸುಳ್ಳು

“ಯಾರೂ ಅವರನ್ನ ಕಟ್ಟಿಹಾಕಿಲ್ಲ ಸಾರ್. ಇಷ್ಟ ಇದ್ರೆ ಇರ್ತಾರೆ, ಇಲ್ಲಾಂದ್ರೆ ಹೋಗ್ತಾರೆ.” ಬೆಂಗಳೂರಿನಲ್ಲಿ ಲಾನು, ಹೂದೋಟ, ಕಲ್ಲುಹಾಸು ಮಾಡಿಕೊಡುವ ಗುತ್ತಿಗೆದಾರರನ್ನು ಅವರ ಕೂಲಿಯಾಳುಗಳ ಬಗ್ಗೆ ಕೇಳಿದರೆ ಸಿಗುವ ಮೊದಲ ಉತ್ತರ ಇದು. ಆ ಗುತ್ತಿಗೆ ಕೊಟ್ಟ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಟೆಕ್ ಪಾರ್ಕಿನ ಫೆಸಿಲಿಟಿ ಮ್ಯಾನೇಜರು, ಊರಾಚೆಯ ರೆಸಾರ್ಟಿನ ಮಾಲೀಕ, ಎಲ್ಲರೂ ಇದನ್ನೇ ಇನ್ನಷ್ಟು ನಯವಾಗಿ ಹೇಳುತ್ತಾರೆ. ಜೀತ ಅನ್ನುವುದು ಹಳೆಯ ಕಾಲದ್ದು, ಹಳ್ಳಿಯದ್ದು, ಗೌಡರ ಗದ್ದೆಯದ್ದು. ನಗರಕ್ಕೆ ಬಂದವನು ದುಡಿಮೆ ಹುಡುಕಿಕೊಂಡು ತಾನಾಗಿ ಬಂದವನು. ಊರಲ್ಲಿ ಇದ್ದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ. ಕೆಟ್ಟವರಲ್ಲದ, ಓದಿಕೊಂಡ, ಮನೆಕೆಲಸದವರಿಗೆ ಹಬ್ಬಕ್ಕೆ ಸೀರೆ ಕೊಡುವ ಜನರೂ ಈ ಮಾತನ್ನು ನಂಬಿಕೊಂಡು ನೆಮ್ಮದಿಯಾಗಿದ್ದಾರೆ. ಇದು ಸುಳ್ಳು. ತಿಳಿಯದೆ ಆಡಿದ್ದಾದರೆ ತಪ್ಪು ಅನ್ನಬಹುದಿತ್ತು. ಲೆಕ್ಕ ಮುಂದಿಟ್ಟುಕೊಂಡೇ ಆಡುತ್ತಿರುವುದರಿಂದ ಸುಳ್ಳು ಅನ್ನುತ್ತಿದ್ದೇನೆ.

ಈ ಸುಳ್ಳಿಗೆ ಬಲ ಬಂದಿರುವುದು ಒಂದು ಚಿತ್ರದಿಂದ. 2000ದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕಾಲಿಗೆ ಕಬ್ಬಿಣದ ಸಂಕೋಲೆ ಹಾಕಿಸಿಕೊಂಡು ಕಲ್ಲು ಒಡೆಯುತ್ತಿದ್ದ ಕೂಲಿಗಳು ಪತ್ತೆಯಾದರು. ನಾಡು ಬೆಚ್ಚಿತು, ಪತ್ರಿಕೆಗಳು ಬರೆದವು, ವಿಧಾನಸೌಧದಲ್ಲಿ ಗದ್ದಲವಾಯಿತು. ಬೆಚ್ಚಬೇಕಾದ್ದೇ. ಆದರೆ ಆವತ್ತಿನಿಂದ ಜೀತ ಅಂದರೆ ಸಂಕೋಲೆ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಹಂಗರಹಳ್ಳಿಯ ಕೂಲಿಗಳ ಕಾಲಿಗೆ ಕಬ್ಬಿಣ ಬಿದ್ದದ್ದು ಆಮೇಲೆ, ಮುಂಗಡ ಬಿದ್ದದ್ದು ಮೊದಲು. ಬಹುಪಾಲು ಕಡೆ ಮುಂಗಡವೊಂದೇ ಸಾಕಾಗುತ್ತದೆ, ಕಬ್ಬಿಣದ ಖರ್ಚು ಉಳಿಯುತ್ತದೆ. ಸಂಕೋಲೆ ಕಾಣದ ಕಡೆ ಸ್ವಾತಂತ್ರ್ಯವಿದೆ ಎಂದು ಬಗೆಯುವ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರಿಗೂ, ಬಾಲ್ಕನಿಯಲ್ಲಿ ನಿಂತು ಕೆಳಗೆ ಹುಲ್ಲು ಕತ್ತರಿಸುವವನನ್ನು ನೋಡುವ ನಮಗೂ ಈ ವಿಷಯದಲ್ಲಿ ಹೆಚ್ಚೇನೂ ಅಂತರವಿಲ್ಲ.

ಕಾನೂನು ಈ ಗೊಂದಲವನ್ನು ನಲವತ್ತು ವರ್ಷಕ್ಕೂ ಹಿಂದೆಯೇ ತೀರಿಸಿದೆ. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಕ್ರೀಡಾಂಗಣ, ಮೇಲ್ಸೇತುವೆಗಳನ್ನು ಕಟ್ಟುತ್ತಿದ್ದಾಗ ಅಲ್ಲಿನ ಕೂಲಿಗಳ ಪರವಾಗಿ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಅದರಲ್ಲಿ ಒಂದು ರೂಪಾಯಿಯನ್ನು ಜಮಾದಾರರು ತಮ್ಮ ಕಮಿಷನ್ ಎಂದು ಹಿಡಿದುಕೊಳ್ಳುತ್ತಿದ್ದರು. ಕೂಲಿಗಳನ್ನು ಯಾರೂ ಕಟ್ಟಿಹಾಕಿರಲಿಲ್ಲ. ಅವರೂ ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾಗಳಿಂದ ‘ಇಷ್ಟಪಟ್ಟು’ ಬಂದವರೇ. ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದ ತೀರ್ಪು ಹೇಳಿದ್ದು ಇಷ್ಟು: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. ಬಲವಂತ ಅಂದರೆ ಮೈಮೇಲಿನ ಏಟು, ಕಾನೂನಿನ ಬೆದರಿಕೆ ಮಾತ್ರವಲ್ಲ. ಹಸಿವು, ಬಡತನ, ಬೇರೆ ದಾರಿಯೇ ಇಲ್ಲದ ಸ್ಥಿತಿ, ಇವೂ ಬಲವಂತವೇ. ಕಡಿಮೆ ಕೂಲಿಗೆ ತಾನಾಗಿ ಒಪ್ಪುವವನು ಯಾವುದೋ ಒತ್ತಡದಲ್ಲಿದ್ದಾನೆ ಎಂದೇ ನ್ಯಾಯಾಲಯ ಹಿಡಿಯಿತು. ಆಗ ಸರ್ಕಾರಿ ಸಂಸ್ಥೆಗಳು ಮುಂದಿಟ್ಟ ವಾದವೂ ಇವತ್ತಿನದೇ. ಕೂಲಿ ಕೊಡುವುದು ಗುತ್ತಿಗೆದಾರನ ಕೆಲಸ, ನಮ್ಮದಲ್ಲ. ನ್ಯಾಯಾಲಯ ಅದನ್ನೂ ಒಪ್ಪಲಿಲ್ಲ. ‘ಇಷ್ಟಪಟ್ಟು ಬಂದವರು’, ‘ಅದು ವೆಂಡರ್ ವಿಷಯ’ ಎಂಬ ನಮ್ಮ ಎರಡು ದೊಡ್ಡ ನೆಪಗಳೂ 1982ರಲ್ಲೇ ಸೋತುಹೋಗಿವೆ. ವಾರ್ಷಿಕ ಸಭೆಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಈ ದಂಧೆ ನಡೆಯುವ ಬಗೆ ನೋಡಿ. ರಾಯಚೂರು, ಯಾದಗಿರಿ ಕಡೆಯ ಊರಿಗೋ, ಒಡಿಶಾ, ಜಾರ್ಖಂಡಿನ ಹಳ್ಳಿಗೋ ಮೇಸ್ತ್ರಿ ಹೋಗುತ್ತಾನೆ. ಮಳೆ ಕೈಕೊಟ್ಟಿರುತ್ತದೆ, ಇಲ್ಲವೇ ಮನೆಯಲ್ಲೊಂದು ಮದುವೆ, ಒಂದು ಆಸ್ಪತ್ರೆ ಬಿಲ್ಲು. ಮುಂಗಡ ಕೊಡುತ್ತಾನೆ. ಬರಹವಿಲ್ಲ, ಬಡ್ಡಿಯ ಮಾತಿಲ್ಲ, ನಗುತ್ತಲೇ ಕೊಡುತ್ತಾನೆ. ಗಂಡ ಹೆಂಡತಿ ಇಬ್ಬರೂ ಬರಬೇಕು. ಬಂದವರು ಊರಾಚೆಯ ನರ್ಸರಿಯ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಗಂಡನಿಗೆ ಹಾಜರಿ ಪುಸ್ತಕದಲ್ಲಿ ಹೆಸರುಂಟು. ಹೆಂಡತಿ ಗಿಡಕ್ಕೆ ನೀರು ಹಾಕುತ್ತಾಳೆ, ಪ್ಲಾಸ್ಟಿಕ್ ಚೀಲಕ್ಕೆ ಕೆಂಪು ಮಣ್ಣು ತುಂಬುತ್ತಾಳೆ, ಕಳೆ ಕೀಳುತ್ತಾಳೆ. ಅವಳ ಕೆಲಸಕ್ಕೆ ‘ಇರೋಕೆ ಜಾಗ ಕೊಟ್ಟಿದೀವಲ್ಲ’ ಎಂಬ ಬಾಡಿಗೆ ಲೆಕ್ಕ. ರಾತ್ರಿ ನರ್ಸರಿ ಕಾಯುವುದು ಇಬ್ಬರ ಪಾಲಿಗೂ ಪುಕ್ಕಟೆ. ವಾರಕ್ಕೊಮ್ಮೆ ಅಕ್ಕಿ ಬೇಳೆಗೆ ಆಗುವಷ್ಟು ಖರ್ಚಿನ ಕಾಸು ಕೈಗೆ ಬರುತ್ತದೆ. ಪೂರ್ತಿ ಬಟವಾಡೆ ಹಬ್ಬಕ್ಕೆ, ಊರಿಗೆ ಹೋಗುವಾಗ. ಹಬ್ಬ ಬಂದಾಗ ಮೇಸ್ತ್ರಿ ತನ್ನ ಪುಸ್ತಕ ತೆರೆಯುತ್ತಾನೆ. ಮುಂಗಡ, ಖರ್ಚು, ಜ್ವರ ಬಂದಾಗಿನ ಔಷಧಿ, ಮುರಿದ ಗುದ್ದಲಿ, ಬರದ ದಿನಗಳು ಎಲ್ಲ ಕಳೆದರೆ ಬಾಕಿ ಕೂಲಿಯವನ ಕಡೆಗೇ ನಿಲ್ಲುತ್ತದೆ. ಬ್ಯಾಂಕ್ ಖಾತೆಗೇ ಸಂಬಳ ಹಾಕುತ್ತೇವೆ ಎಂದು ಹೆಮ್ಮೆಯಿಂದ ಹೇಳುವ ಗುತ್ತಿಗೆದಾರರಿದ್ದಾರೆ. ಹಾಕುತ್ತಾರೆ, ನಿಜ. ಆ ಖಾತೆಯ ಎಟಿಎಂ ಕಾರ್ಡು ಮೇಸ್ತ್ರಿಯ ಪರ್ಸಿನಲ್ಲಿರುತ್ತದೆ.

ಇವನು ಹೋಗಬಹುದೇ? ಗೇಟು ತೆರೆದಿದೆ. ಹೋದರೆ ಮೂರು ತಿಂಗಳ ಕೂಲಿ ಹೋಗುತ್ತದೆ. ಮುಂಗಡದ ಬಾಕಿಗೆ ಮೇಸ್ತ್ರಿ ಊರಿನ ಮನೆ ಬಾಗಿಲಿಗೆ ಬರುತ್ತಾನೆ. ಜೊತೆಗೆ ಬಂದ ತಮ್ಮನ ಮೇಲೆ, ಭಾವನ ಮೇಲೆ ಸಾಲ ಬೀಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಲವಂತದ ದುಡಿಮೆಯನ್ನು ಗುರುತಿಸಲು ಹನ್ನೊಂದು ಲಕ್ಷಣಗಳನ್ನು ಪಟ್ಟಿ ಮಾಡಿದೆ. ಮೈಮೇಲಿನ ಹಿಂಸೆ ಆ ಹನ್ನೊಂದರಲ್ಲಿ ಒಂದು ಮಾತ್ರ. ಉಳಿದವುಗಳಲ್ಲಿ ಸಾಲದ ಬಂಧನ, ತಡೆಹಿಡಿದ ಕೂಲಿ, ಗುರುತಿನ ಚೀಟಿ ಕಸಿದುಕೊಳ್ಳುವುದು, ಒಂಟಿಯಾಗಿಸುವುದು, ಮಿತಿಮೀರಿದ ಹೊತ್ತಿನ ಕೆಲಸ, ಮೋಸದ ಮಾತು, ಅಸಹಾಯಕತೆಯ ದುರ್ಬಳಕೆ ಇವೆ. ನಮ್ಮ ನರ್ಸರಿಯ ಶೆಡ್ಡಿನಲ್ಲಿ ಇವುಗಳಲ್ಲಿ ಎಷ್ಟು ಎಂಬುದನ್ನು ಓದುಗರೇ ಎಣಿಸಿಕೊಳ್ಳಬಹುದು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಇದೆ. ಅದನ್ನು ಹಾರಿಸಿಕೊಂಡು ಹೋಗಬಾರದು. ಮುಂಗಡವನ್ನೇ ಅಪರಾಧ ಮಾಡಿದರೆ ಆ ಮನುಷ್ಯನಿಗೆ ಮಗಳ ಮದುವೆಗೆ ಸಾಲ ಕೊಡುವವರು ಯಾರು? ಬ್ಯಾಂಕು ಕೊಡುವುದಿಲ್ಲ. ಕಿರುಸಾಲದ ಕಂಪನಿಗಳ ವಸೂಲಿ ಹೇಗಿರುತ್ತದೆಂದು ಕರ್ನಾಟಕದ ಹಳ್ಳಿಗಳಿಗೆ ಈಚೆಗೆ ಚೆನ್ನಾಗಿ ಗೊತ್ತಾಗಿದೆ. ಮೇಸ್ತ್ರಿಯೊಬ್ಬನೇ ಕೇಳಿದ ರಾತ್ರಿಯೇ ದುಡ್ಡು ಕೊಡುವವನು. ಒಪ್ಪುತ್ತೇನೆ. ಆದರೆ ಸಾಲ ಕೊಡುವುದು ಬೇರೆ, ಸಾಲ ತೀರುವವರೆಗೆ ಮೈಯನ್ನು ಅಡವಿಟ್ಟುಕೊಳ್ಳುವುದು ಬೇರೆ. ಬರೆದುಕೊಟ್ಟ ಮುಂಗಡ, ತಿಂಗಳಿಗೆ ಇಷ್ಟೇ ಎಂದು ಮಿತಿಯಿಟ್ಟ ಮುರಿತ, ಬೇರೆ ಕಡೆ ಕೆಲಸಕ್ಕೆ ಹೋದರೆ ಉಳಿದ ಸಾಲವನ್ನು ಮಾಮೂಲಿ ಸಾಲದಂತೆ ವಸೂಲಿ ಮಾಡುವ ಒಪ್ಪಂದ, ಇವಿಷ್ಟಿದ್ದರೆ ಅದು ಮುಂಗಡ. ಇವಿಲ್ಲದಿದ್ದರೆ ಜೀತ. ಮಾಲೀಕರ ಪರ ವಾದಿಸುವವರು 1976ರ ಜೀತ ಪದ್ಧತಿ ರದ್ದತಿ ಕಾಯಿದೆಯನ್ನು ಓದಿಯೇ ಇಲ್ಲ ಅನ್ನಿಸುತ್ತದೆ. ಆ ಕಾಯಿದೆಯ 15ನೇ ಕಲಮಿನ ಪ್ರಕಾರ ಇದು ಜೀತದ ಸಾಲ ಎಂದು ಕೂಲಿಯವನು ಹೇಳಿದರೆ, ಅಲ್ಲವೆಂದು ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. 1983ರ ಡಿಸೆಂಬರಿನಲ್ಲಿ, ಹರಿಯಾಣದ ಕಲ್ಲು ಕ್ವಾರಿಗಳ ಬಗ್ಗೆ ಬಂಧುವಾ ಮುಕ್ತಿ ಮೋರ್ಚಾ ಹಾಕಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡವಿದೆ ಎಂದೇ ಊಹಿಸಬೇಕು. ಇಲ್ಲ ಅನ್ನುವವನು ಮಾಲೀಕನಾದರೆ ಅವನೇ ತೋರಿಸಬೇಕು. ಆ ಕಾಯಿದೆಯಡಿ ಶಿಕ್ಷೆ ಮೂರು ವರ್ಷದವರೆಗೆ ಸೆರೆ, ದಂಡ 2,000 ರೂಪಾಯಿವರೆಗೆ. 1976ರಲ್ಲಿ ಅದು ದುಡ್ಡು. ಇವತ್ತು ಒಂದು ಲಾರಿ ಕೆಂಪು ಮಣ್ಣೂ ಬರುವುದಿಲ್ಲ.

ಇನ್ನು ‘ವೆಂಡರ್ ವಿಷಯ’. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ಸಂಸ್ಥೆಗಳ ಮೂಲ ಚಟುವಟಿಕೆಗೆ ಗುತ್ತಿಗೆ ಕೂಲಿಗಳನ್ನು ಹಚ್ಚಬಾರದು ಎನ್ನುತ್ತದೆ. ಮೂಲ ಚಟುವಟಿಕೆ ಅಲ್ಲದ್ದು ಯಾವುದು ಎಂಬ ಪಟ್ಟಿಯೂ ಅದರಲ್ಲೇ ಇದೆ. ಕಸ ಗುಡಿಸುವುದು, ಕಾವಲು, ಕ್ಯಾಂಟೀನು, ಹಮಾಲಿಗಳ ಜೊತೆಗೆ ತೋಟಗಾರಿಕೆ ಮತ್ತು ಹುಲ್ಲುಹಾಸಿನ ನಿರ್ವಹಣೆಯೂ ಹೆಸರು ಹಿಡಿದೇ ಬಂದಿದೆ. ನೇರ ನೌಕರಿಯ ಬಾಗಿಲನ್ನು ಮಾಲಿಯ ಮುಖಕ್ಕೆ ಹಾಕಲು ಕಾನೂನೇ ಅನುಮತಿ ಕೊಟ್ಟ ಹಾಗಾಯಿತು. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ಇಪ್ಪತ್ತು ಗುತ್ತಿಗೆ ಕೂಲಿಗಳಿದ್ದರೆ ಅನ್ವಯವಾಗುತ್ತಿತ್ತು. ಈಗ ಐವತ್ತು ಬೇಕು. ವಲಸೆ ಕಾರ್ಮಿಕರ ವಿಷಯದಲ್ಲಿ ಐದು ಇದ್ದದ್ದು ಹತ್ತಾಗಿದೆ. ಇಪ್ಪತ್ತರ ಕಾಲದಲ್ಲೇ ಹತ್ತೊಂಬತ್ತಕ್ಕೆ ನಿಲ್ಲುವ ಕಲೆ ಗುತ್ತಿಗೆದಾರರಿಗೆ ಕರಗತವಾಗಿತ್ತು. ಒಂದು ಫರ್ಮು ತನ್ನ ಹೆಸರಲ್ಲಿ, ಇನ್ನೊಂದು ಹೆಂಡತಿಯ ಹೆಸರಲ್ಲಿ, ಮೂರನೆಯದು ಬಾಮೈದನ ಹೆಸರಲ್ಲಿ. ಐವತ್ತು ಅಂದರೆ ಅವರಿಗೆ ಹಬ್ಬ. ಆದರೂ ಒಂದು ಮಾತು ಹಳೆಯದರಿಂದ ಹೊಸದಕ್ಕೆ ಅಳಿಯದೆ ಬಂದಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು, ಆಮೇಲೆ ಗುತ್ತಿಗೆದಾರನ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕು. ಟೆಕ್ ಪಾರ್ಕುಗಳ ಕಾನೂನು ವಿಭಾಗಕ್ಕೆ ಇದು ಚೆನ್ನಾಗಿ ಗೊತ್ತು. ‘ಕಾರ್ಮಿಕರಿಗೆ ಸಂಬಂಧಿಸಿದ ಎಲ್ಲ ಹೊಣೆ ವೆಂಡರಿನದು’ ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳುವುದೇ ಅದಕ್ಕೆ.

ಕಾನೂನು ಬಿಡಿ, ಕೊಟೇಶನ್ನಿಗೆ ಬನ್ನಿ. ನನ್ನ ಮುಖ್ಯ ತಕರಾರು ಇರುವುದು ಅಲ್ಲಿ. ಒಬ್ಬ ಮಾಲಿಗೆ ತಿಂಗಳಿಗೆ 15,000 ರೂಪಾಯಿ ಕೂಲಿ ಅಂತ ಇಟ್ಟುಕೊಳ್ಳಿ. ಲೆಕ್ಕಕ್ಕೆ ಹಿಡಿದ ಅಂಕಿ, ಸರ್ಕಾರದ ದರವಲ್ಲ. ಭವಿಷ್ಯನಿಧಿಗೆ ಮಾಲೀಕನ ಪಾಲು, ಆಡಳಿತ ಶುಲ್ಕ, ವಿಮೆ ಸೇರಿ ನೂರಕ್ಕೆ 13. ಇಎಸ್‌ಐಗೆ 3.25. ಬೋನಸ್ಸು ಕನಿಷ್ಠ 8.33. ಗ್ರಾಚ್ಯುಟಿಗೆ ಎತ್ತಿಡಬೇಕಾದ್ದು 4.81. ಅಲ್ಲಿಗೇ 19,400 ದಾಟಿತು. ವಾರದ ರಜೆಗೆ ಬದಲಿ ಆಳು, ಗಮ್‌ಬೂಟು, ಕೈಗವಸು, ಔಷಧಿ ಹೊಡೆಯುವಾಗ ಮುಖಗವಸು, ಬ್ರಶ್ ಕಟರ್ ಹಿಡಿದವನಿಗೆ ಕಲ್ಲು ಸಿಡಿದು ಕಣ್ಣು ಹೋಗದಂತೆ ಕನ್ನಡಕ, ಪೆಟ್ರೋಲು, ಗುತ್ತಿಗೆದಾರನ ಲಾಭ ಇನ್ನೂ ಸೇರಿಲ್ಲ. ಅಂದಮೇಲೆ ತಲೆಗೆ 20,000 ಅನ್ನುವುದು ಅತ್ಯಂತ ಬಿಗಿ ಹಿಡಿದ ಲೆಕ್ಕ. ಈಗ ಮೂರು ಕೊಟೇಶನ್ ತರಿಸಿ, ತಲೆಗೆ 16,000 ಎಂದವನಿಗೆ ಗುತ್ತಿಗೆ ಕೊಟ್ಟು, ಸಂಘದ ದುಡ್ಡು ಉಳಿಸಿದೆವು ಎಂದು ಚಪ್ಪಾಳೆ ಹೊಡೆಸಿಕೊಳ್ಳುವ ಸಮಿತಿಯನ್ನು ನೋಡಿ. ಅದರಲ್ಲಿ ಇಬ್ಬರು ಚಾರ್ಟರ್ಡ್ ಅಕೌಂಟೆಂಟುಗಳು, ನಾಲ್ವರು ಸಾಫ್ಟ್‌ವೇರ್ ಕಂಪನಿಗಳ ದೊಡ್ಡ ಹುದ್ದೆಯವರು ಇರುತ್ತಾರೆ. ಉಳಿದ 4,000 ಎಲ್ಲಿಂದ ಬರುತ್ತದೆ ಎಂದು ಇವರಿಗೆ ಗೊತ್ತಾಗುವುದಿಲ್ಲವೇ? ತಮ್ಮ ಸಂಬಳದ ಚೀಟಿಯಲ್ಲಿ ಭವಿಷ್ಯನಿಧಿ ಒಂದು ರೂಪಾಯಿ ತಪ್ಪಿದರೆ ಎಚ್‌ಆರ್‌ಗೆ ಮೇಲ್ ಹಾಕುವ ಜನ ಇವರು.

ಬಿಲ್ಲಿನಲ್ಲಿ ‘ನುರಿತ ಮಾಲಿ’ ಎಂದು ಬರೆದು, ಕೂಲಿಯನ್ನು ಅಕುಶಲ ದರದಲ್ಲೂ ಅರೆಬರೆ ಕೊಡುವುದು ಈ ವ್ಯಾಪಾರದ ಇನ್ನೊಂದು ಚಮತ್ಕಾರ. ಕಸಿ ಕಟ್ಟಬಲ್ಲವನು, ಎಲೆಯ ಬಣ್ಣ ನೋಡಿ ಬೇರಿಗೆ ನೀರು ನಿಂತಿದೆ ಎಂದು ಹೇಳಬಲ್ಲವನು ಕಾಗದದಲ್ಲಿ ಅಕುಶಲ. ಹೆಣ್ಣಾಳು, ಗಂಡಾಳು ಎಂಬ ಎರಡು ದರ ಇವತ್ತಿಗೂ ಬಾಯಲ್ಲಿ ಓಡಾಡುತ್ತಿವೆ. 1976ರಲ್ಲಿ ಸಮಾನ ವೇತನ ಕಾಯಿದೆ ಬಂದದ್ದು ಕಳೆ ಕೀಳುವವರಿಗೆ ಗೊತ್ತಿಲ್ಲ, ಕೀಳಿಸುವವರಿಗೆ ಗೊತ್ತಿದ್ದೂ ಬೇಕಿಲ್ಲ.

ಪುರಾವೆ ಬೇಕೆ? ದೂರ ಹೋಗಬೇಕಾಗಿಲ್ಲ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಆ್ಯಪ್ ಇದೆ. ಮಾಲಿ ಎಷ್ಟು ಹೊತ್ತಿಗೆ ಒಳಗೆ ಬಂದ, ಎಷ್ಟು ಹೊತ್ತಿಗೆ ಹೊರಗೆ ಹೋದ, ತಿಂಗಳಲ್ಲಿ ಎಷ್ಟು ದಿನ ಬಂದ ಎಂಬ ದಾಖಲೆಯನ್ನು ಕಳ್ಳತನದ ಭಯದಿಂದ ನಾವೇ ನಿಮಿಷ ತಪ್ಪದೆ ಇಟ್ಟಿದ್ದೇವೆ. ಆ ದಾಖಲೆಯನ್ನು ಗುತ್ತಿಗೆದಾರ ಕೊಟ್ಟ ಹಾಜರಿಯ ಪಕ್ಕಕ್ಕೆ ಹಿಡಿದು ನೋಡಿದರೆ ವಾರದ ರಜೆ ಎಲ್ಲಿ ಹೋಯಿತು, ಓಟಿ ಎಲ್ಲಿ ಹೋಯಿತು ಎಂದು ತಿಳಿಯುತ್ತದೆ. ಅವನ ಚೀಲ ತಡಕಲು ಬಳಸಿದ ವ್ಯವಸ್ಥೆಯನ್ನು ಅವನ ಕೂಲಿ ಲೆಕ್ಕ ಹಾಕಲು ಯಾವ ಸಂಘವೂ ಬಳಸಿದ್ದನ್ನು ನಾನು ಕೇಳಿಲ್ಲ.

ದೊಡ್ಡ ಕಂಪನಿಗಳು ಬೇರೆಯೇ ದಾರಿ ಹಿಡಿದಿವೆ: ನೀತಿಪತ್ರದ ದಾರಿ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯಿದೆ ವರ್ಷಕ್ಕೆ 3 ಕೋಟಿ 60 ಲಕ್ಷ ಪೌಂಡ್ ಮೀರಿ ವಹಿವಾಟು ಮಾಡುವ ಕಂಪನಿಗಳು ಗುಲಾಮಗಿರಿ ತಡೆಯಲು ಏನು ಮಾಡಿದ್ದೇವೆಂದು ಪ್ರತಿವರ್ಷ ಹೇಳಿಕೆ ಹೊರಡಿಸಬೇಕು ಎನ್ನುತ್ತದೆ. ಏನೂ ಮಾಡಿಲ್ಲ ಎಂದು ಹೇಳಿದರೂ ಕಾಯಿದೆ ಪಾಲಿಸಿದಂತೆಯೇ! ಹೇಳಿಕೆ ಕೊಡದಿದ್ದರೆ ದಂಡವೂ ಇಲ್ಲ. ಆಸ್ಟ್ರೇಲಿಯಾದಲ್ಲಿ 2018ರಲ್ಲಿ ಇಂಥದ್ದೇ ಕಾಯಿದೆ ಬಂತು. ನಮ್ಮಲ್ಲಿ ಸೆಬಿ ದೊಡ್ಡ ಸಾವಿರ ಕಂಪನಿಗಳಿಂದ ಜವಾಬ್ದಾರಿ ವರದಿ ಕೇಳುತ್ತದೆ. ಬಲವಂತದ ದುಡಿಮೆಯ ಬಗ್ಗೆ ಎಷ್ಟು ದೂರು ಬಂದವು ಎಂಬ ಕಾಲಮ್ಮು ಅದರಲ್ಲಿದೆ. ಅಲ್ಲಿ ಸೊನ್ನೆ ಬರೆದು ಮುಂದಿನ ಪುಟಕ್ಕೆ ಹೋಗುವುದು ಸುಲಭ. ಯಾರು ದೂರು ಕೊಡಬೇಕಿತ್ತು? ಇಂಗ್ಲಿಷಿನಲ್ಲಿರುವ ಇಮೇಲ್ ವಿಳಾಸಕ್ಕೆ, ಫೋನು ರೀಚಾರ್ಜಿಗೂ ಮೇಸ್ತ್ರಿಯನ್ನು ಕೇಳಬೇಕಾದ ಒಡಿಯಾ ಹುಡುಗ? ಜೀತ ಇರುವ ಕಡೆ ದೂರು ಇರುವುದಿಲ್ಲ. ಸೊನ್ನೆ ದೂರು ಕಂಡರೆ ಸಮಾಧಾನಪಡುವ ಬದಲು ಅನುಮಾನಪಡಬೇಕು.

ಬ್ರಿಟಿಷರ ಹಿತ್ತಿಲುಗಳನ್ನೇ ನೋಡಿ. ಅಲ್ಲಿನ ಮನೆಗಳ ಹಿಂದೆ ಹಾಸುವ ಮರಳುಗಲ್ಲಿನಲ್ಲಿ ಬಹಳಷ್ಟು ರಾಜಸ್ಥಾನದ ಕೋಟಾ, ಬೂಂದಿ ಸೀಮೆಯದು. ಬೂಂದಿ ಜಿಲ್ಲೆಯ ಬುಧ್‌ಪುರಾದಲ್ಲಿ ಗಣಿಯ ತ್ಯಾಜ್ಯ ಕಲ್ಲನ್ನು ಮನೆಯಂಗಳದಲ್ಲಿ ಕೂತು ಚಚ್ಚೌಕವಾಗಿ ಒಡೆಯುವವರಲ್ಲಿ ಮಕ್ಕಳೂ ಇದ್ದರು ಎಂಬುದು ಮತ್ತೆ ಮತ್ತೆ ಬೆಳಕಿಗೆ ಬಂದಿದೆ. ಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಬಂದು ಗಂಡಸರು ನಡುಹರೆಯದಲ್ಲೇ ಸಾಯುತ್ತಾರೆ, ಸಾಲ ಹೆಂಡತಿ ಮಕ್ಕಳ ಮೇಲೆ ನಿಲ್ಲುತ್ತದೆ. ಲಂಡನ್ನಿನ ತೋಟದ ಕಂಪನಿಗೆ ನೀತಿಪತ್ರವಿದೆ. ಆಮದುದಾರನಿಗೂ ಇದೆ. ರಫ್ತುದಾರನೂ ಸಹಿ ಹಾಕಿದ್ದಾನೆ. ಕಲ್ಲು ಒಡೆಯುವವನಿಗೆ ಸಿಗುವ ತುಂಡಿನ ದರ ಮಾತ್ರ ಯಾರ ಪತ್ರದಲ್ಲೂ ಇಲ್ಲ. ನಮ್ಮ ವಿಲ್ಲಾಗಳಲ್ಲಿ ಹಾಸುವ ಕೋಟಾ, ಕಡಪ, ಸಾದರಹಳ್ಳಿ ಕಲ್ಲುಗಳ ಬಗ್ಗೆ ಅಷ್ಟು ಪತ್ರವೂ ಇಲ್ಲ. ಬಣ್ಣ ಹೊಂದುತ್ತದೆಯೇ ಎಂಬುದೊಂದೇ ವಿಚಾರಣೆ.

ಗುತ್ತಿಗೆದಾರರನ್ನೆಲ್ಲ ಒಂದೇ ಸಮ ಬೈಯುವುದೂ ನನಗೆ ಒಪ್ಪಿಗೆಯಿಲ್ಲ. ಇವರಲ್ಲಿ ಎಷ್ಟೋ ಜನ ನಿನ್ನೆ ಮೊನ್ನೆಯವರೆಗೆ ತಾವೇ ಗುದ್ದಲಿ ಹಿಡಿದವರು. ಕೆಲಸ ಮುಗಿಸಿ ತಿಂಗಳುಗಟ್ಟಲೆ ಬಿಲ್ಲಿಗಾಗಿ ಕಂಪನಿಯ ಅಕೌಂಟ್ಸ್ ವಿಭಾಗದ ಮುಂದೆ ಕೂರುತ್ತಾರೆ. ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕೆಂದು 2006ರ ಕಾಯಿದೆ ಹೇಳುತ್ತದೆ. ಅದನ್ನು ಎತ್ತಿ ತೋರಿಸಿದ ಗುತ್ತಿಗೆದಾರನಿಗೆ ಮುಂದಿನ ವರ್ಷ ಗುತ್ತಿಗೆ ಸಿಗುವುದಿಲ್ಲ. ಕಂಪನಿ ತಡೆದ ಬಿಲ್ಲು ಗುತ್ತಿಗೆದಾರನ ಕೈಯಲ್ಲಿ ಮೇಸ್ತ್ರಿಗೆ ಕೊಡದ ಬಾಕಿಯಾಗುತ್ತದೆ, ಮೇಸ್ತ್ರಿಯ ಪುಸ್ತಕದಲ್ಲಿ ಹಬ್ಬದವರೆಗೆ ಮುಂದೂಡಿದ ಕೂಲಿಯಾಗುತ್ತದೆ. ಮಾನವ ಹಕ್ಕುಗಳ ನೀತಿಪತ್ರ ಬರೆಯುವ ಕಂಪನಿಯೇ ತೊಂಬತ್ತು ದಿನಗಳ ಸಾಲದ ಷರತ್ತು ಹಾಕಿದರೆ, ಆ ಕಂಪನಿಯ ಬಡ್ಡಿಯಿಲ್ಲದ ಸಾಲಗಾರ ನರ್ಸರಿಯ ಶೆಡ್ಡಿನಲ್ಲಿ ಮಲಗಿರುವವನು. ಆದರೆ ಈ ಕಷ್ಟ ಹೇಳಿಕೊಂಡು ಎಟಿಎಂ ಕಾರ್ಡು ಕಿತ್ತಿಟ್ಟುಕೊಳ್ಳುವವನಿಗೆ ನನ್ನ ಮರುಕವಿಲ್ಲ.

ತಡೆಯುವ ಕೆಲಸ ಕಷ್ಟದ್ದು ಎಂಬ ಮಾತನ್ನೂ ನಾನು ನಂಬುವುದಿಲ್ಲ. ಮೂರು ಕೊಟೇಶನ್ನುಗಳಲ್ಲಿ ಕೂಲಿ, ಭವಿಷ್ಯನಿಧಿ, ಇಎಸ್‌ಐಗಳನ್ನು ಬೇರೆ ಸಾಲಿನಲ್ಲಿ ಬರೆಸಿ, ಆ ಸಾಲುಗಳಲ್ಲಿ ಪೈಪೋಟಿಗೆ ಅವಕಾಶವೇ ಇಲ್ಲ ಎನ್ನಬೇಕು. ಲಾಭದ ಸಾಲಿನಲ್ಲಿ ಬೇಕಾದಷ್ಟು ಪೈಪೋಟಿ ನಡೆಯಲಿ. ಬಟವಾಡೆ ನಮ್ಮ ಆವರಣದಲ್ಲಿ, ನಮ್ಮವರೊಬ್ಬರ ಎದುರಿಗೆ, ತಿಂಗಳಿಗೆ ತಪ್ಪದೆ ಆಗಲಿ. 1970ರ ಕಾಯಿದೆಯೇ ಮೂಲ ಮಾಲೀಕನ ಪ್ರತಿನಿಧಿಯ ಎದುರು ಕೂಲಿ ಹಂಚಬೇಕೆಂದು ಹೇಳಿತ್ತು, ಇದು ಹೊಸ ಕ್ರಾಂತಿಯೇನಲ್ಲ. ಮಾಲಿಯನ್ನು ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ ಅವನ ಭಾಷೆ ಬಲ್ಲವರ ಮೂಲಕ ಕೇಳಬೇಕು: ಮುಂಗಡ ಎಷ್ಟು, ಕಾರ್ಡು ಯಾರ ಹತ್ತಿರ ಇದೆ, ನಾಳೆ ಊರಿಗೆ ಹೋಗುತ್ತೇನೆ ಅಂದರೆ ಏನಾಗುತ್ತದೆ. ಕೊನೆಯ ಪ್ರಶ್ನೆಗೆ ಅವನು ಮುಖ ನೋಡಿ ಸುಮ್ಮನಾದರೆ ಜಿಲ್ಲಾಧಿಕಾರಿಗೋ ಉಪವಿಭಾಗಾಧಿಕಾರಿಗೋ ಬರೆಯಬೇಕು. ಗುತ್ತಿಗೆದಾರನನ್ನು ಬದಲಾಯಿಸಿ ಕೈತೊಳೆದುಕೊಂಡರೆ ಸಾಲದು. ಅವನು ಅದೇ ಆಳುಗಳನ್ನು ಟೆಂಪೋದಲ್ಲಿ ಮುಂದಿನ ಲೇಔಟಿಗೆ ಒಯ್ಯುತ್ತಾನೆ. ಬಿಡುಗಡೆ ಪತ್ರ ಸಿಕ್ಕರೆ ಆ ಕೂಲಿಯ ಜೀತದ ಸಾಲ ಕಾನೂನಿನ ಕಣ್ಣಿನಲ್ಲಿ ಇಲ್ಲವಾಗುತ್ತದೆ. 2016ರ ಯೋಜನೆಯಂತೆ ಗಂಡಸಿಗೆ ಒಂದು ಲಕ್ಷ, ಹೆಂಗಸರಿಗೂ ಮಕ್ಕಳಿಗೂ ಎರಡು ಲಕ್ಷ ರೂಪಾಯಿ ಪುನರ್ವಸತಿ ನೆರವು ಇದೆ. ಆ ಪತ್ರ ಕೊಡಲು ಕಚೇರಿಗಳು ಹಿಂದೇಟು ಹಾಕುತ್ತವೆ, ಏಕೆಂದರೆ ಕೊಟ್ಟರೆ ತಮ್ಮ ತಾಲ್ಲೂಕಿನಲ್ಲಿ ಜೀತ ಇದೆ ಎಂದು ಒಪ್ಪಿಕೊಂಡಂತಾಗುತ್ತದೆ. ಆದರೆ 2030ರೊಳಗೆ 1 ಕೋಟಿ 84 ಲಕ್ಷ ಜೀತದಾಳುಗಳನ್ನು ಬಿಡಿಸುತ್ತೇವೆಂದು 2016ರಲ್ಲಿ ಸಂಸತ್ತಿಗೆ ಹೇಳಿದ್ದು ಕೇಂದ್ರ ಸರ್ಕಾರವೇ. ಜೀತವೇ ಇಲ್ಲದ ದೇಶದಲ್ಲಿ ಅಷ್ಟು ಜನರನ್ನು ಎಲ್ಲಿಂದ ಬಿಡಿಸಬೇಕೆಂದಿದ್ದರೋ.

ಕೊನೆಗೆ ಉಳಿಯುವ ವಾದ, ಎಲ್ಲ ವಾದಗಳ ಹಿಂದೆ ಕೂತಿರುವ ವಾದ: ಮೇಂಟೆನೆನ್ಸ್ ಜಾಸ್ತಿಯಾಗುತ್ತದೆ. ಆಗುತ್ತದೆ. ಮೇಲಿನ ಲೆಕ್ಕವನ್ನೇ ಹಿಡಿಯಿರಿ. ಇನ್ನೂರು ಮನೆಗಳ ಒಂದು ಸಂಕೀರ್ಣ, ಎಂಟು ಜನ ಮಾಲಿಗಳು, ತಲೆಗೆ 4,000 ರೂಪಾಯಿ ಕೊರತೆ. ಒಟ್ಟು 32,000. ಮನೆಗೆ ತಿಂಗಳಿಗೆ 160 ರೂಪಾಯಿ. ಇದು ನಮ್ಮ ಕೈಲಾಗದು ಎನ್ನುವವರು ಹಾಗೆಂದು ಮುಂದಿನ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ತಮ್ಮ ಹೆಸರು ಮತ್ತು ಫ್ಲಾಟ್ ಸಂಖ್ಯೆ ಸಹಿತ ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ಹೇಳಲಿ.